ಕಚ್ಚೆ ಧೋತರದವನು ಬಂದೂಕು ಎಲ್ಲಿ ಬಚ್ಚಿಟ್ಟಾನು?

ಇಂಗ್ಲಿಷ್ ಸಿನಿಮಾಗಳಲ್ಲಿ ಒಂದು ದೃಶ್ಯ ಪದೇ ಪದೇ ಬರುತ್ತದೆ, ನೀವೂ ನೋಡಿರುತ್ತೀರಿ. ಖಳನಾಯಕ ಪತ್ತೇದಾರನ ಎರಡೂ ಕೈ ಮೇಲೆತ್ತಿಸಿ ಸೊಂಟದ ಪಿಸ್ತೂಲು ಕಿತ್ತುಕೊಳ್ಳುತ್ತಾನೆ. ಇನ್ನೇನು ಕತೆ ಮುಗಿಯಿತು ಅನ್ನುವಾಗ ಪತ್ತೇದಾರ ಷೂ ಲೇಸು ಕಟ್ಟುವವನ ಹಾಗೆ ಬಗ್ಗುತ್ತಾನೆ, ಪ್ಯಾಂಟಿನ ಅಂಚು ಮೇಲೆ ಸರಿಯುತ್ತದೆ, ಕಾಲಿನ ಹರಡಿಗೆ ಕಟ್ಟಿಕೊಂಡಿದ್ದ ಪುಟ್ಟ ಪಿಸ್ತೂಲು ಕೈಗೆ ಬರುತ್ತದೆ. ಢಂ! ಟಾಕೀಸಿನಲ್ಲಿ ಸೀಟಿ.

ಅಮೆರಿಕದ ಪೊಲೀಸರಲ್ಲಿ ಇದಕ್ಕೊಂದು ಶಾಸ್ತ್ರವೇ ಇದೆ. ಕಾಲಿಗೆ ಕಟ್ಟುವ ಬಂದೂಕು ಹೇಗಿರಬೇಕು ಅಂತ ಅಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ಮೊದಲನೆಯದು ತೂಕ. ಅರ್ಧ ಕಿಲೋ ದಾಟಿದರೆ ಸಂಜೆಯ ಹೊತ್ತಿಗೆ ಒಂದು ಕಾಲು ಎಳೆದುಕೊಂಡು ನಡೆಯುವ ಪರಿಸ್ಥಿತಿ. ಸ್ಮಿತ್ ಅಂಡ್ ವೆಸನ್ ಕಂಪನಿ 1950ರಲ್ಲಿ ತಂದ ಐದು ಗುಂಡಿನ ಚೀಫ್ಸ್ ಸ್ಪೆಷಲ್ ರಿವಾಲ್ವರಿನ ತೂಕ ಸುಮಾರು 550 ಗ್ರಾಂ. ಆಮೇಲೆ ಅದೇ ಅಳತೆಯ ಅಲ್ಯೂಮಿನಿಯಂ ಮೈಯಿನ ಮಾದರಿಗಳು ಬಂದು ತೂಕ 400 ಗ್ರಾಂ ಆಸುಪಾಸಿಗೆ ಇಳಿಯಿತು. ಎರಡನೆಯದು, ಕುದುರೆ (ಹ್ಯಾಮರ್) ಹೊರಗೆ ಚಾಚಿಕೊಂಡಿರಬಾರದು, ಎಳೆಯುವಾಗ ಬಟ್ಟೆಗೆ ಸಿಕ್ಕಿಬೀಳುತ್ತದೆ. ಮೂರನೆಯದು ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು: ಧೂಳು. ಕಾಲ ಬುಡದಲ್ಲಿ ಇರುವ ವಸ್ತುವಿಗೆ ರಸ್ತೆಯ ಧೂಳೂ ಕಾಲುಚೀಲದ ನಾರೂ ಸೇರಿಕೊಳ್ಳುತ್ತವೆ. ಹಾಗಾಗಿ ಧೂಳನ್ನು ಹೆಚ್ಚು ತಡೆದುಕೊಳ್ಳುವ ಸಣ್ಣ ರಿವಾಲ್ವರೇ ಲೇಸು ಅನ್ನುವವರು ಜಾಸ್ತಿ. ಬಲಗೈಯವನಾದರೆ ಎಡಗಾಲಿನ ಒಳಬದಿಗೆ ಕಟ್ಟಬೇಕು. ಅದರ ದೊಡ್ಡ ದೋಷವೆಂದರೆ ನಿಂತವನಿಗೆ ಅದು ತೀರಾ ದೂರ, ಮಂಡಿಯೂರಿ ತೆಗೆಯುವಷ್ಟರಲ್ಲಿ ಎದುರಿನವನ ಕೆಲಸ ಮುಗಿದಿರುತ್ತದೆ. ಕಾರಿನಲ್ಲಿ ಕೂತವನಿಗೆ ಮಾತ್ರ ಅದು ಹತ್ತಿರ. ಅದಕ್ಕೇ ಅದು ಯಾವಾಗಲೂ ಎರಡನೆಯ ಬಂದೂಕು, ಮೊದಲನೆಯದು ಕೈತಪ್ಪಿದಾಗಿನದು.

ಇಷ್ಟೆಲ್ಲ ಓದುವಾಗ ನನಗೆ ಹೊಳೆದದ್ದು ಬೇರೆಯೇ ಪ್ರಶ್ನೆ. ಈ ಶಾಸ್ತ್ರವೆಲ್ಲ ಪ್ಯಾಂಟಿನ ಮೇಲೆ ನಿಂತಿದೆ. ನಮ್ಮ ಗದಗ, ಮುಂಡರಗಿ ಕಡೆಯ ಗಂಡಸರು ಶತಮಾನಗಟ್ಟಲೆ ಉಟ್ಟದ್ದು ಕಚ್ಚೆ ಧೋತರ. ಮೊಣಕಾಲ ಕೆಳಗೆ ಇಳಿದರೆ ಇಳಿಯಿತು, ಇಲ್ಲದಿದ್ದರೆ ಇಲ್ಲ. ಅಂಥವನ ಕಾಲಿನ ಹರಡು ಇಡೀ ಊರಿಗೆ ಕಾಣುತ್ತದೆ! ಹಾಗಾದರೆ ಇಲ್ಲಿನವರು ಆಯುಧ ಬಚ್ಚಿಡುವ ಪ್ರಸಂಗ ಬಂದಾಗ ಏನು ಮಾಡಿದರು? ಪ್ರಸಂಗ ಬಂದೇ ಇತ್ತು. ತುಂಗಭದ್ರೆಯ ದಂಡೆಯಲ್ಲಿ, ಸಿಂಗಟಾಲೂರಿನ ಹತ್ತಿರದ ಹಮ್ಮಿಗಿಯಲ್ಲಿ, 1858ರ ಮೇ ತಿಂಗಳಲ್ಲಿ.

ಅಲ್ಲಿಗೆ ಹೋಗುವ ಮೊದಲು ಬಂದೂಕಿನ ಬಗ್ಗೆ ಎರಡು ಮಾತು ಹೇಳಲೇಬೇಕು.

ಮೊದಮೊದಲ ಬಂದೂಕುಗಳು ಬಚ್ಚಿಡಲು ಬರುವಂಥವೇ ಅಲ್ಲ. ಬತ್ತಿ ಬಂದೂಕು ಅಂದರೆ ಒಂದು ಹುರಿ ಯಾವಾಗಲೂ ಉರಿಯುತ್ತಿರಬೇಕು, ಆ ಕೆಂಡ ಮದ್ದಿಗೆ ತಾಗಿದಾಗಲೇ ಗುಂಡು ಹಾರುವುದು. ಹೊಗೆ ಬಿಡುವ, ವಾಸನೆ ಬರುವ ಆ ಹುರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಿರುಗುವವನು ಬೇರೆ ಯಾರನ್ನಾದರೂ ಕೊಲ್ಲುವ ಮೊದಲು ತಾನೇ ಸುಟ್ಟುಕೊಂಡಾನು. ಹದಿನಾರನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಸ್ಪ್ರಿಂಗು ಬಿಗಿದ ಉಕ್ಕಿನ ಚಕ್ರ ತಿರುಗಿ ಕಿಡಿ ಹಾರಿಸುವ ಬಂದೂಕು ಬಂತು. ಆಗ ಬತ್ತಿ ಬೇಕಾಗಲಿಲ್ಲ. ಬತ್ತಿ ಹೋದದ್ದೇ ತಡ ಬಂದೂಕು ಮೇಲಂಗಿಯೊಳಗೆ ಸೇರಿತು, ಸೇರಿದ್ದೇ ತಡ ದೊರೆಗಳ ನಿದ್ದೆ ಕೆಟ್ಟಿತು. ಚಕ್ರವರ್ತಿ ಒಂದನೆಯ ಮ್ಯಾಕ್ಸಿಮಿಲಿಯನ್ 1517ರಲ್ಲೇ ಇಂಥ ಬಂದೂಕುಗಳ ಮೇಲೆ ನಿಷೇಧ ಹೇರಿದ. ದೊಡ್ಡ ತೋಪುಗಳಿಗೆ ಅಂಜದವನು, ಸಾಲುಗಟ್ಟಲೆ ಬಂದೂಕಿನವರಿಗೆ ಅಂಜದವನು, ಅಂಗಿಯೊಳಗಿನ ಗೇಣುದ್ದದ ಕೊಳವೆಗೆ ಅಂಜಿದ. ಅಂದಿನಿಂದ ಇಂದಿನವರೆಗೆ ಸರ್ಕಾರಗಳ ಅಂಜಿಕೆ ಬದಲಾಗಿಲ್ಲ.

ಮುಂದೆ ಚಕಮಕಿ ಕಲ್ಲು, ಆಮೇಲೆ ಮಲೆನಾಡಿನವರು ಕೇಪಿನ ಕೋವಿ ಅನ್ನುತ್ತಾರಲ್ಲ ಆ ಕೇಪು, ಆಮೇಲೆ 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಪೇಟೆಂಟ್ ಪಡೆದ ರಿವಾಲ್ವರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಕೋಲ್ಟನಿಗೆ ಎದುರಾಗಿ ಇಂಗ್ಲೆಂಡಿನ ರಾಬರ್ಟ್ ಆ್ಯಡಮ್ಸ್ ತನ್ನ ರಿವಾಲ್ವರು ತೋರಿಸಿದ. 1857ರ ಹೊತ್ತಿಗೆ ಹಿಂದುಸ್ತಾನಕ್ಕೆ ಬಂದ ಎಷ್ಟೋ ಇಂಗ್ಲಿಷ್ ಅಧಿಕಾರಿಗಳು ಇಂಥದ್ದೊಂದನ್ನು ಸ್ವಂತ ದುಡ್ಡಿನಿಂದ ಕೊಂಡು ತಂದಿದ್ದರು. ಸುಮಾರು ಒಂದು ಕಿಲೋ, ಇಲ್ಲವೇ ಅದಕ್ಕೂ ಜಾಸ್ತಿ ತೂಕದ ಸಾಮಾನು. ಸೊಂಟಕ್ಕೆ ಸರಿ, ಕಾಲಿಗೆ ಅಲ್ಲ. ಆದರೂ ಬೀಗ ಇಲ್ಲಿಯೇ ಬದಲಾಯಿತು: ಒಬ್ಬ ಮನುಷ್ಯ, ಒಂದು ಕೈ, ಮತ್ತೆ ಮದ್ದು ತುಂಬದೆ ಐದಾರು ಗುಂಡು.

ನಮ್ಮ ಹಳ್ಳಿಗಳಲ್ಲಿ ಏನಿತ್ತು? ಬಾಕು ಇತ್ತು, ಕಠಾರಿ ಇತ್ತು, ನಡುವಿನ ಪಟಕಾದಲ್ಲಿ ಸಿಕ್ಕಿಸಿಕೊಳ್ಳುವ ಚೂರಿ ಇತ್ತು. ಊರುಗೋಲಿನಂತೆ ಕಾಣುವ, ಎಳೆದರೆ ಒಳಗಿನಿಂದ ಕತ್ತಿ ಬರುವ ಗುಪ್ತಿ ಇತ್ತು (ಹೆಸರಲ್ಲೇ ಗುಟ್ಟಿದೆ ನೋಡಿ). ಬಿಜಾಪುರದ ಅಫಜಲಖಾನನನ್ನು ಶಿವಾಜಿ 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಕೊಂದ ವ್ಯಾಘ್ರನಖದ ಕತೆ ಎಲ್ಲರಿಗೂ ಗೊತ್ತು. ಅಂಗೈಯಲ್ಲಿ ಅಡಗುವ ಆಯುಧ ಎಂಬ ಕಲ್ಪನೆ ನಮಗೆ ಹೊಸದಲ್ಲ. ಆದರೆ ಅವೆಲ್ಲ ಕಬ್ಬಿಣದ ಮೊನೆಗಳು. ಗುಂಡು ಹಾರಿಸುವ ಸಾಮಾನು ಅಂತ ನಮ್ಮ ರೈತರ, ಶೇತಸನದಿಗಳ, ಬೇಡರ ಮನೆಯಲ್ಲಿ ಇದ್ದದ್ದು ಆಳುದ್ದದ ಬತ್ತಿ ಬಂದೂಕು. ಅದನ್ನು ಮೈಮೇಲೆ ಬಚ್ಚಿಡುವ ಮಾತೇ ಇಲ್ಲ. ಮನೆಯಲ್ಲಿ ಬಚ್ಚಿಡಬೇಕು. ಒಬ್ಬಿಬ್ಬರದಲ್ಲ ನೂರಾರು ಜನರದಾದರೆ ಮನೆಯೂ ದೊಡ್ಡದಿರಬೇಕು, ಮನೆಯವನೂ ದೊಡ್ಡವನಿರಬೇಕು.

ಇನ್ನು ಜಾಗದ ವಿಷಯ. ಇವತ್ತು ಸಿಂಗಟಾಲೂರು ಅಂದರೆ ಜನಕ್ಕೆ ನೆನಪಾಗುವುದು ಗುಡ್ಡದ ಮೇಲಿನ ವೀರಭದ್ರೇಶ್ವರ, ಇಲ್ಲವಾದರೆ ಅದೇ ಹೆಸರಿನ ಏತ ನೀರಾವರಿ. ಆ ಯೋಜನೆಯ ಬ್ಯಾರೇಜು ಇರುವುದು ಹಮ್ಮಿಗಿಯ ಹತ್ತಿರ. 1858ರಲ್ಲಿ ಈ ಮೂಲೆ ಬಹಳ ವಿಚಿತ್ರವಾಗಿತ್ತು. ಮುಂಡರಗಿ, ಡಂಬಳ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ಹೊಳೆ ದಾಟಿದರೆ ಹೂವಿನಹಡಗಲಿ ಕಡೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಮೂಡಣಕ್ಕೆ ಕೊಪ್ಪಳ ನಿಜಾಮನ ರಾಜ್ಯ, ಅಲ್ಲಿಯೂ ಅದು ಸಾಲಾರ್ ಜಂಗ್ ಮನೆತನದ ಜಹಗೀರು. ಪಡುವಣದ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜದ ಪಟವರ್ಧನರಿಗೆ. ಬುತ್ತಿ ಕಟ್ಟಿಕೊಂಡು ಹೊರಟರೆ ಒಂದೆರಡು ದಿನದ ನಡಿಗೆಯಲ್ಲಿ ಐದು ಸರಕಾರ! ಒಂದು ಕಡೆ ಬೆನ್ನಟ್ಟಿದರೆ ಇನ್ನೊಂದು ಕಡೆ ಹೊಳೆ ದಾಟಬಹುದು. ಬಚ್ಚಿಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ?

ಬಚ್ಚಿಡುವ ಅಗತ್ಯ ಹುಟ್ಟಿಸಿದ್ದು ಒಂದು ಕಾಯಿದೆ. ಮೀರತ್, ದಿಲ್ಲಿಗಳ ದಂಗೆಯ ನಾಲ್ಕು ತಿಂಗಳಿಗೆ, 1857ರ ಸೆಪ್ಟೆಂಬರಿನಲ್ಲಿ, ಕಂಪನಿ ಸರಕಾರ ಆ ವರ್ಷದ 28ನೆಯ ಆಕ್ಟನ್ನು ತಂದಿತು. ಆಯುಧ ಮಾಡುವುದು, ಮಾರುವುದು, ತರಿಸುವುದು, ಇಟ್ಟುಕೊಳ್ಳುವುದು ಎಲ್ಲಕ್ಕೂ ಲೆಕ್ಕ, ಪರವಾನಿಗೆ. ಬೇಕೆನಿಸಿದ ಸೀಮೆಯನ್ನು ಪೂರ್ತಿ ನಿಶ್ಶಸ್ತ್ರ ಮಾಡುವ ಅಧಿಕಾರ. ಮನೆ ಹೊಕ್ಕು ಝಡತಿ ಮಾಡುವ ಅಧಿಕಾರ. ನಮ್ಮ ಇತಿಹಾಸದ ಪುಸ್ತಕಗಳಲ್ಲಿ 'ನಿಶ್ಶಸ್ತ್ರೀಕರಣ ಕಾಯಿದೆ' ಎಂದು ಒಂದೇ ಸಾಲಿನಲ್ಲಿ ಮುಗಿದುಹೋಗುವುದು ಇದೇ.

ಇಂಗ್ಲಿಷರಿಗೆ ಈ ಮದ್ದು ಹೊಸದಾಗಿರಲಿಲ್ಲ. ಸ್ಕಾಟ್ಲೆಂಡಿನ ಗುಡ್ಡಗಾಡು ಜನ ದಂಗೆ ಎದ್ದಾಗ 1716ರಲ್ಲೊಮ್ಮೆ, 1746ರಲ್ಲಿ ಇನ್ನೊಮ್ಮೆ ಇಂಥದ್ದೇ ಕಾಯಿದೆ ಹೇರಿದ್ದರು. ಅಲ್ಲಿನ ಗಂಡಸರು ಉಡುವುದು ಕಿಲ್ಟು, ನಮ್ಮ ಧೋತರದ ದಾಯಾದಿ ಅನ್ನಿ. ಅದನ್ನು ಉಟ್ಟಾಗ ಇವತ್ತಿಗೂ ಬಲಗಾಲಿನ ಉದ್ದ ಕಾಲುಚೀಲದಲ್ಲಿ ಒಂದು ಸಣ್ಣ ಚೂರಿ ಸಿಕ್ಕಿಸಿಕೊಳ್ಳುತ್ತಾರೆ, ಹಿಡಿ ಮಾತ್ರ ಹೊರಗೆ ಕಾಣುವ ಹಾಗೆ. ಆಯುಧ ಬಚ್ಚಿಟ್ಟುಕೊಳ್ಳುತ್ತಿದ್ದ ಕಾಲದ ನೆನಪು ಅದು ಎಂದು ಅಲ್ಲಿ ಪ್ರತೀತಿ. ಕಾಲಿಗೆ ಆಯುಧ ಕಟ್ಟುವ ಆಸೆ ಸಿನಿಮಾಕ್ಕಿಂತ ಬಹಳ ಹಳೆಯದು.

ಈ ಕಾಯಿದೆಗೆ ನಮ್ಮಲ್ಲಿ ಮೊದಲು ಸಿಡಿದದ್ದು ಹಲಗಲಿ. ಈಗಿನ ಬಾಗಲಕೋಟೆ ಜಿಲ್ಲೆ, ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನ. ಅಲ್ಲಿನ ಬೇಡರು ಆಯುಧ ಕೊಡಲೊಲ್ಲೆವೆಂದರು. ಬೇಟೆಯೇ ಬದುಕಾದವರಿಗೆ, ಕೇಳಿದಾಗ ಹೋಗಿ ಕಾದಾಡುವುದೇ ಕಸುಬಾದವರಿಗೆ ಬಂದೂಕು ಅಂದರೆ ಒಕ್ಕಲಿಗನಿಗೆ ಎತ್ತಿದ್ದ ಹಾಗೆ. ಅವರು ಬಚ್ಚಿಡುವ ಗೋಜಿಗೇ ಹೋಗಲಿಲ್ಲ, ಎದುರಿಗೇ ಹಿಡಿದು ನಿಂತರು. ನವೆಂಬರ್ ಕೊನೆಗೆ ಸರಕಾರದ ದಂಡು ಊರನ್ನು ಸುತ್ತುವರಿದು ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನು ಗಲ್ಲಿಗೇರಿಸಿದರು. ಈ ಸುದ್ದಿ ಲಾವಣಿಯಾಗಿ ಉಳಿದಿದೆ, ಶಾಲೆಯಲ್ಲಿ ಓದಿದವರಿಗೆ ನೆನಪಿರಬಹುದು. ಅದರಲ್ಲಿ ಅಂಕಿತವಿರುವುದು ಕುರ್ತಕೋಟಿಯ ಕಲ್ಮೇಶನದು. ಕುರ್ತಕೋಟಿ ನಮ್ಮ ಗದಗ ತಾಲೂಕಿನ ಊರು! ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಮುಂಬೈ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್, ಶಾಸನಗಳ ಫ್ಲೀಟನೇ. ಊರು ಸುಟ್ಟ ಸರಕಾರದ ನೌಕರನೇ ಅದರ ಹಾಡನ್ನೂ ಉಳಿಸಿದ.

ಹಲಗಲಿಯ ಸುದ್ದಿ ಕೇಳಿದವರು ಪಾಠ ಕಲಿತಿರಬೇಕು. ಎದುರಿಗೆ ಹಿಡಿದು ನಿಂತರೆ ಹಲಗಲಿಯಾಗುತ್ತದೆ, ಕೊಟ್ಟುಬಿಟ್ಟರೆ ಏನೂ ಉಳಿಯುವುದಿಲ್ಲ. ಉಳಿದ ದಾರಿ ಮೂರನೆಯದು. ಕೂಡಿಹಾಕು, ಬಚ್ಚಿಡು, ಹೊತ್ತು ನೋಡು.

ಮುಂಡರಗಿ ಭೀಮರಾಯ ಆ ದಾರಿ ಹಿಡಿದವನು. ಕಂಪನಿ ಸರಕಾರದ ಕಂದಾಯ ಕೆಲಸ ಒಳಗಿನಿಂದ ನೋಡಿದ್ದ ನಾಡಗೌಡರ ಮನೆತನದವನು. ಯಾವ ಕಾಗದ ಎಲ್ಲಿಗೆ ಹೋಗುತ್ತದೆ, ಯಾವ ಖಜಾನೆಯಲ್ಲಿ ಎಷ್ಟು ಪಹರೆ ಇರುತ್ತದೆ ಎಂಬುದೆಲ್ಲ ಬಲ್ಲವನು. ಅವನ ಜೊತೆಗೆ ಹಮ್ಮಿಗಿಯ ಕೆಂಚನಗೌಡ. ಸುತ್ತಲಿನ ಕೆಲವು ದೇಸಾಯರು. ಅತ್ತ ನರಗುಂದದಲ್ಲಿ ದತ್ತಕಕ್ಕೆ ಅಪ್ಪಣೆ ಸಿಗದೆ ಕುದಿಯುತ್ತಿದ್ದ ಬಾಬಾಸಾಹೇಬ. ಆತನ ಮೇಲೂ ಕೋಟೆಯ ತೋಪುಗಳನ್ನು ಧಾರವಾಡಕ್ಕೆ ಒಪ್ಪಿಸುವಂತೆ ಒತ್ತಾಯವಿತ್ತು. ಅಲ್ಲಿಯೂ ಜಗಳದ ಬುಡ ಆಯುಧವೇ.

ಕೂಡಿಹಾಕಿದ ಆಯುಧ, ಮದ್ದುಗುಂಡು ಇದ್ದದ್ದು ಹಮ್ಮಿಗಿಯಲ್ಲಿ. ಸಿಂಗಟಾಲೂರಿನ ಸೀಮೆಯ, ಹೊಳೆದಂಡೆಯ ಊರು. ಏಕೆ ಹಮ್ಮಿಗಿ ಅಂತ ನಕಾಶೆ ನೋಡಿದವರಿಗೆ ಕೇಳಬೇಕಿಲ್ಲ. ಮುಂದೆ ಹೊಳೆ, ಹೊಳೆಯಾಚೆ ಇನ್ನೊಂದು ಪ್ರಾಂತ, ಬೇಸಿಗೆಯಲ್ಲಿ ನೀರು ಇಳಿದು ದಾಟುವುದು ಸಲೀಸು. ಧಾರವಾಡದ ಕಲೆಕ್ಟರ ಕಚೇರಿ ಎಲ್ಲೋ ದೂರ.

ಆದರೆ ಬಚ್ಚಿಟ್ಟದ್ದು ಸಿಕ್ಕಿಬಿತ್ತು. ಮೇ ತಿಂಗಳ ಕೊನೆಯಲ್ಲಿ ಸರಕಾರಿ ನೌಕರರಿಗೆ ಸುಳಿವು ಹತ್ತಿ, ಹಮ್ಮಿಗಿಯ ಆಯುಧಗಳನ್ನು ಹಿಡಿದು ಕಾವಲು ಹಾಕಿದರು. ಭೀಮರಾಯ, ಕೆಂಚನಗೌಡರು ಜನ ಕೂಡಿಸಿಕೊಂಡು ಬಂದು ಕಾವಲಿನವರ ಮೇಲೆ ಬಿದ್ದು ಕೊಂದು ಆಯುಧ ತಮ್ಮ ವಶ ಮಾಡಿಕೊಂಡರು. ಅಲ್ಲಿಂದ ಡಂಬಳ, ಅಲ್ಲಿನ ಸರಕಾರಿ ಖಜಾನೆ ಲೂಟಿ. ಅಲ್ಲಿಂದ ಮೂಡಣಕ್ಕೆ ತಿರುಗಿ ನಿಜಾಮನ ಸೀಮೆಗೆ. ಮೇ ಮುಗಿಯುವಷ್ಟರಲ್ಲಿ ಕೊಪ್ಪಳದ ಕೋಟೆ ಅವರ ಕೈಯಲ್ಲಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತದೆ ನನಗೆ. ಮುಂಡರಗಿಯ ಬಂಡಾಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಶೌರ್ಯದ ಮಾತಾಡುತ್ತಾರೆ, ಆಡಬೇಕಾದದ್ದೇ. ಆದರೆ ಕ್ರಮವನ್ನು ಗಮನಿಸಿ. ಮೊದಲು ಖಜಾನೆ, ಆಮೇಲೆ ಕೋಟೆ, ಆಮೇಲೆ ಬಹಿರಂಗ ಯುದ್ಧ ಎಂದು ಮುಹೂರ್ತ ಇಟ್ಟು ಹೊರಟವರ ನಡೆ ಇದಲ್ಲ. ಒಂದು ಝಡತಿ, ಒಂದು ಜಪ್ತಿ, ಅದರ ಬೆನ್ನಿಗೇ ರಕ್ತ. ಆಯುಧ ಸರಕಾರದ ಕೈಗೆ ಹೋದರೆ ಬಂಡಾಯವೇ ಇಲ್ಲ, ಬಿಡಿಸಿಕೊಂಡರೆ ಅಂದೇ ಬಂಡಾಯ. ದಿನ ಆರಿಸುವ ಅವಕಾಶ ಭೀಮರಾಯನಿಗೆ ಸಿಗಲೇ ಇಲ್ಲ, ಆರಿಸಿದವನು ಹಮ್ಮಿಗಿಯಲ್ಲಿ ಬಾಗಿಲು ತೆಗೆಸಿದ ಸರಕಾರಿ ನೌಕರ. ಕಾರಣ ಹುಡುಕಿದರೆ ಬಂದೂಕಿನ ಉದ್ದಕ್ಕೆ ಬಂದು ನಿಲ್ಲುತ್ತದೆ. ನೂರು ಜನರ ಬಳಿ ನೂರು ಸಣ್ಣ ಪಿಸ್ತೂಲಿದ್ದರೆ ನೂರು ಮನೆಯಲ್ಲಿ ಹಂಚಿಹೋಗುತ್ತಿದ್ದವು. ಒಂದು ಸಿಕ್ಕಿದರೆ ಒಂದು ಹೋಯಿತು, ಅಷ್ಟೆ. ಆಳುದ್ದದ ಬಂದೂಕು, ಕತ್ತಿ, ಮದ್ದಿನ ಚೀಲ ಒಂದೇ ಕಡೆ ರಾಶಿ ಬಿದ್ದಿದ್ದರಿಂದ ಒಂದು ಮನೆ ಬಯಲಾದರೆ ಎಲ್ಲವೂ ಬಯಲು. ಇದು ನನ್ನ ಲೆಕ್ಕಾಚಾರ, ಒಪ್ಪದವರು ಜಗಳಕ್ಕೆ ಬರಬಹುದು :)

ಅದೇ ವಾರ ಸುರೇಬಾನದಲ್ಲಿ ನಡೆದದ್ದನ್ನೂ ಇದರ ಪಕ್ಕಕ್ಕೆ ಇಟ್ಟು ನೋಡಬೇಕು. ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಮೇ 29ರ ರಾತ್ರಿ ಕೆಲವೇ ಸವಾರರ ಜೊತೆ ಆ ಊರಿನಲ್ಲಿ ತಂಗಿದ್ದ. ನರಗುಂದದ ಬಾಬಾಸಾಹೇಬನ ಜನ ಬಂದು ಬಿದ್ದರು. ನಿದ್ದೆಯಿಂದ ಎದ್ದ ಮ್ಯಾನ್ಸನ್ ತನ್ನ ರಿವಾಲ್ವರಿನಿಂದ ಗುಂಡು ಹಾರಿಸಿ ಒಬ್ಬನನ್ನು ಗಾಯಗೊಳಿಸಿದ. ಅಷ್ಟರಲ್ಲಿ ಮುಗಿಯಿತು. ಅವನ ತಲೆ ಕಡಿದು ನರಗುಂದಕ್ಕೆ ಒಯ್ದರು.

ಆ ವಾರ ಇಡೀ ಸೀಮೆಯಲ್ಲಿ ಬಹುಶಃ ಅತ್ಯುತ್ತಮ ಕೈಬಂದೂಕು ಇದ್ದದ್ದು ಮ್ಯಾನ್ಸನ್ನನ ಬಳಿಯೇ. ಹಾಸಿಗೆಯಲ್ಲೂ ಕೈಗೆಟಕುವಷ್ಟು ಹತ್ತಿರ ಇತ್ತು, ಗುಂಡೂ ಹಾರಿತು, ತಾಗಿತು ಕೂಡ. ಆದರೂ ಉಳಿಯಲಿಲ್ಲ. ಯಾವ ಬಂದೂಕು ಒಳ್ಳೆಯದು, ಎಲ್ಲಿ ಕಟ್ಟಿಕೊಂಡರೆ ಒಳ್ಳೆಯದು ಎಂದು ವಾದಿಸುವ ಅಮೆರಿಕದವರ ಪುಸ್ತಕಗಳಲ್ಲಿ ಎದುರಿಗೆ ಬರುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಒಂದು ಸೀಮೆಯೇ ಸಿಟ್ಟಿಗೆದ್ದು ನಡುರಾತ್ರಿ ಬಂದಾಗ ಐದು ಗುಂಡಿನ ಲೆಕ್ಕ ಬೇರೆ.

ಕೊಪ್ಪಳದ ಕತೆ ಬೇಗ ಮುಗಿಯುತ್ತದೆ. ಟಿಪ್ಪು ಭದ್ರಪಡಿಸಿದ ಆ ಕೋಟೆ 1790ರಲ್ಲಿ ಇಂಗ್ಲಿಷರಿಗೂ ನಿಜಾಮನಿಗೂ ಸೇರಿ ಆರು ತಿಂಗಳು ಬಗ್ಗಿರಲಿಲ್ಲ. 1858ರ ಜೂನ್ 1ರಂದು ಮೇಜರ್ ಹ್ಯೂಸ್‌ನ ಮದ್ರಾಸ್ ದಂಡು ಒಂದೇ ದಿನದಲ್ಲಿ ಹೊಕ್ಕಿತು. ಕಾರಣ ಸರಳ. ಟಿಪ್ಪುವಿನ ಕೋಟೆಯಲ್ಲಿ ತೋಪೂ ಇತ್ತು, ತರಬೇತಾದ ದಂಡೂ ಇತ್ತು, ತಿಂಗಳುಗಟ್ಟಲೆ ಕೂಡಿಟ್ಟ ದವಸವೂ ಇತ್ತು. ಭೀಮರಾಯನ ಬಳಿ ಹಮ್ಮಿಗಿಯ ಬಂದೂಕುಗಳೂ ಡಂಬಳದ ರೊಕ್ಕವೂ ಒಂದು ವಾರದ ಸಮಯವೂ ಇದ್ದವು. ಅವನೂ ಕೆಂಚನಗೌಡನೂ ಕಾದಾಡುತ್ತಲೇ ಬಿದ್ದರು. ಸೆರೆಸಿಕ್ಕವರಲ್ಲಿ ಹಲವರನ್ನು ವಿಚಾರಣೆಯ ಶಾಸ್ತ್ರ ಮುಗಿಸಿ ಕೊಂದರು. ಆ ಹೊತ್ತಿಗೇ ನರಗುಂದವೂ ಬಿತ್ತು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಆಮೇಲೆ ಕಾಯಿದೆ ಗಟ್ಟಿಯಾಯಿತು. 1857ರ ಆಕ್ಟಿನ ಜಾಗಕ್ಕೆ 1860ರದು, ಅದರ ಜಾಗಕ್ಕೆ ಲಾರ್ಡ್ ಲಿಟನ್ನನ ಕಾಲದ 1878ರ ಆಯುಧ ಕಾಯಿದೆ. ಯುರೋಪಿಯನ್ನರಿಗೆ ವಿನಾಯಿತಿ, ನಮ್ಮವರಿಗೆ ಪರವಾನಿಗೆ. ನಮ್ಮ ನಾಡಿನಲ್ಲೇ ಒಂದು ಮೂಲೆಗೆ ಮಾತ್ರ ಬೇರೆ ಹಣೆಬರಹ. ದಂಗೆಯ ಕಾಲದಲ್ಲಿ ಸರಕಾರದ ಕಡೆ ನಿಂತ ಕೊಡಗಿನವರಿಗೆ ಮಾರ್ಕ್ ಕಬ್ಬನ್ 1861ರಲ್ಲಿ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಈಗಲೂ ನಡೆದುಬಂದಿದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕೈಲ್ ಮುಹೂರ್ತದ ದಿನ ಅಲ್ಲಿ ಕೋವಿಗೆ ಹೂ ಏರಿಸಿ ಪೂಜೆ ಮಾಡುತ್ತಾರೆ. ಹಲಗಲಿಯಲ್ಲಿ ಬಂದೂಕು ಬಿಡದವರನ್ನು ಗಲ್ಲಿಗೇರಿಸಿ ನಾಲ್ಕು ವರ್ಷವೂ ಆಗಿರಲಿಲ್ಲ, ಕೊಡಗಿನಲ್ಲಿ ಬಂದೂಕು ಇಟ್ಟುಕೊಳ್ಳಿ ಎಂದರು. ಕೊಡವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಎರಡನ್ನೂ ಒಂದೇ ಪುಟದಲ್ಲಿ ಓದಿದರೆ ಮಾತ್ರ ಆ ಕಾಯಿದೆಯ ಮನಸ್ಸು ಅರ್ಥವಾಗುತ್ತದೆ.

ಕಾಯಿದೆ ದೊಡ್ಡ ಬಂದೂಕುಗಳನ್ನು ಹಿಡಿಯುವುದರಲ್ಲಿ ಗೆದ್ದಿತು, ಸಣ್ಣದರಲ್ಲಿ ಸೋತಿತು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಬಂದೂಕು ಅಂಗೈಯಷ್ಟಾಗಿತ್ತು. 1909ರಲ್ಲಿ ಸಾವರ್ಕರರು ಲಂಡನ್ನಿನಿಂದ 20 ಬ್ರೌನಿಂಗ್ ಪಿಸ್ತೂಲುಗಳನ್ನು ಒಂದು ಪೆಟ್ಟಿಗೆಯ ಕಳ್ಳತಳದಲ್ಲಿ ಅಡಗಿಸಿ ಮುಂಬೈಗೆ ಕಳಿಸಿದರು. ಆ ವರ್ಷದ ಡಿಸೆಂಬರ್ 21ರಂದು ನಾಸಿಕದ ನಾಟಕ ಮಂದಿರದಲ್ಲಿ ಅನಂತ ಕಾನ್ಹೆರೆ ಎಂಬ ಹುಡುಗ ಕಲೆಕ್ಟರ್ ಜಾಕ್ಸನ್ನನನ್ನು ಕೊಂದದ್ದು ಬ್ರೌನಿಂಗ್ ಪಿಸ್ತೂಲಿನಿಂದ. ಹಮ್ಮಿಗಿಯಲ್ಲಿ ಒಂದು ಮನೆ ಬೇಕಾಗಿದ್ದ ಕಡೆ ಈಗ ಒಂದು ಟ್ರಂಕು ಸಾಕಾಯಿತು. ಆದರೆ ಆ ಟ್ರಂಕಿನ ಜೊತೆಗೆ ಬಂಡಾಯದ ಜಾತಿಯೂ ಬದಲಾಯಿತು ನೋಡಿ. ಹಮ್ಮಿಗಿಗೆ ಊರೂರಿನ ಜನ ಬಂದಿದ್ದರು, ನಾಸಿಕದಲ್ಲಿ ನಾಲ್ಕಾರು ಹುಡುಗರು. ಬಚ್ಚಿಡಲು ಸುಲಭವಾದ ಆಯುಧ ಬಚ್ಚಿಟ್ಟುಕೊಂಡೇ ಇರಬೇಕಾದ ಬದುಕನ್ನೂ ಜೊತೆಗೆ ತಂದಿತು.

ಹಾಗಾದರೆ ಇವತ್ತು ಪ್ಯಾಂಟು ಹಾಕಿಕೊಂಡ ಮುಂಡರಗಿಯವನೊಬ್ಬ ಕಾಲಿಗೆ ಪಿಸ್ತೂಲು ಕಟ್ಟಿಕೊಳ್ಳಬೇಕೆಂದರೆ? ಮೊದಲು ಪರವಾನಿಗೆ. ಜೀವಕ್ಕೆ ಅಪಾಯವಿದೆ ಎಂದು ತೋರಿಸಬೇಕು, ಪೊಲೀಸ್ ವರದಿ ಬರಬೇಕು, ಸಿಗುವವರು ಕಡಿಮೆ. ಸಿಕ್ಕರೂ ಅಮೆರಿಕದವರ ಪಟ್ಟಿಯಲ್ಲಿರುವ ಪಾಯಿಂಟ್ 38, 9 ಎಂಎಂ ಇಲ್ಲಿ ಸಾಮಾನ್ಯರಿಗೆ ನಿಷಿದ್ಧ. ಸೇನೆ, ಪೊಲೀಸರ ಗುಂಡು ಜನರ ಬಂದೂಕಿಗೆ ಹೊಂದಬಾರದು ಎಂಬುದು ಬ್ರಿಟಿಷರ ಕಾಲದಿಂದ ಬಂದ ಎಚ್ಚರಿಕೆ. ಹಾಗಾಗಿ ನಮಗೆ ಉಳಿದದ್ದು ಪಾಯಿಂಟ್ 32. ಕಾನಪುರದಲ್ಲಿ ತಯಾರಾಗುವ ಹಳೆಯ ಮಾದರಿಯ ಪಾಯಿಂಟ್ 32 ರಿವಾಲ್ವರು ಸುಮಾರು 700 ಗ್ರಾಂ, ಕಾಲಿಗೆ ಭಾರ. ದಿಲ್ಲಿಯ 2012ರ ಘಟನೆಯ ನಂತರ ಹೆಂಗಸರನ್ನು ಮನಸ್ಸಿನಲ್ಲಿಟ್ಟು 2014ರ ಜನವರಿಯಲ್ಲಿ ಅಲ್ಲಿಂದಲೇ 'ನಿರ್ಭೀಕ್' ಬಂತು. ಸುಮಾರು ಅರ್ಧ ಕಿಲೋ, ಆರು ಗುಂಡು, ಆಗಿನ ಬೆಲೆ 1 ಲಕ್ಷ 22 ಸಾವಿರ. ಅಮೆರಿಕದ ಶಾಸ್ತ್ರದ ತೂಕಕ್ಕೆ ಇದು ಹೊಂದುತ್ತದೆ, ನಮ್ಮವರ ಜೇಬಿಗೆ ಹೊಂದುವುದಿಲ್ಲ. ಕುದುರೆಯೂ ಹೊರಗೇ ಇದೆ.

ಇನ್ನೊಂದು ತಮಾಷೆ ಇದೆ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಿಗೆ ಇರುವವನು ಸಾರ್ವಜನಿಕ ಜಾಗದಲ್ಲಿ ಕೈಬಂದೂಕನ್ನು ಹೋಲ್ಸ್ಟರಿನಂಥ ಚೀಲದಲ್ಲಿಟ್ಟು ಪೂರ್ತಿ ಮುಚ್ಚಿಯೇ ಒಯ್ಯಬೇಕು. ತೋರಿಸಿಕೊಂಡು ತಿರುಗುವಂತಿಲ್ಲ. ಹಮ್ಮಿಗಿಯಲ್ಲಿ ಮುಚ್ಚಿಟ್ಟದ್ದು ಅಪರಾಧವಾಗಿತ್ತು, ಈಗ ಮುಚ್ಚದಿರುವುದು ಅಪರಾಧ.

ಚುನಾವಣೆ ಬಂತೆಂದರೆ ಮಾತ್ರ ಅದೂ ಇಲ್ಲ. ಜಿಲ್ಲಾಡಳಿತದ ಆದೇಶ ಹೊರಡುತ್ತದೆ, ಪರವಾನಿಗೆ ಇದ್ದವರು ಬೆಳೆ ಕಾಯಲು ಇಟ್ಟುಕೊಂಡ ಬಂದೂಕುಗಳನ್ನು ಹತ್ತಿರದ ಪೊಲೀಸ್ ಠಾಣೆಗೆ ಒಯ್ದು ಜಮಾ ಮಾಡಿ ಚೀಟಿ ಪಡೆಯಬೇಕು. ಮತ ಎಣಿಕೆ ಮುಗಿದ ಮೇಲೆ ಚೀಟಿ ತೋರಿಸಿ ವಾಪಸು. ಹೊಲದಲ್ಲಿ ಹಂದಿಗೆ ಈ ಸುದ್ದಿ ಗೊತ್ತಿರುವುದಿಲ್ಲ.

ಹಮ್ಮಿಗಿ, ಡಂಬಳ, ಸಿಂಗಟಾಲೂರು ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೆಂಚನಗೌಡನ ಬಗ್ಗೆ ಹಿರಿಯರು ಹೇಳುವ ಮಾತು, ಹಾಡು ಏನಾದರೂ ಕಿವಿಗೆ ಬಿದ್ದಿದ್ದರೆ ಬರೆದಿಡಿ. ಹಲಗಲಿಗೆ ಒಬ್ಬ ಕಲ್ಮೇಶ ಸಿಕ್ಕಿದ.